ಬೇರಿಯಂ ನೀರು ರುಚಿಸಿದ ಸೊಸೆ

೧೯೫೬ನೆಯ ಇಸವಿ. ಗದಗ ಮತ್ತು ಬೆಟಗೇರಿಯ ನಡುವೆ ಇದ್ದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನಾನು ಎಕ್ಸ್-ರೇ ಕೋಣೆಯ ಹೊಣೆ ಹೊತ್ತಿದ್ದೆ. ನಾನು ಓದಿದ್ದು ನರ್ಸಿಂಗ್. ಆಸ್ಪತ್ರೆಗೆ ಎಕ್ಸ್-ರೇ ಯಂತ್ರ ಬಂದಾಗ ಅದನ್ನು ನಡೆಸುವವರು ಬೇಕಾಗಿತ್ತು. ಮುಂಬಯಿಗೆ ಹೋಗಿ ತರಬೇತಿ ಪಡೆದು ಬರಲು ಯಾರೂ ಮುಂದಾಗಲಿಲ್ಲ, ನಾನು ಹೋದೆ. ಅಲ್ಲಿ ನನಗೆ ಕಲಿಸಿದವರು ಒಬ್ಬ ಬಿಗಿ ಶಿಸ್ತಿನ ಮೇಟ್ರನ್. ಕೆಲಸದ ಕ್ರಮ ಒಮ್ಮೆ ಗೊತ್ತಾದ ಮೇಲೆ ಅದರಲ್ಲಿ ಒಂದು ಮೆಟ್ಟಿಲನ್ನೂ ಹಾರಬಾರದು, ರೋಗಿ ಅವಸರ ಮಾಡಿದರೂ ಸರಿ, ಡಾಕ್ಟರು ಅವಸರ ಮಾಡಿದರೂ ಸರಿ ಎನ್ನುವುದು ಅವರ ಪಾಠ. ಊರಿಗೆ ಮರಳಿದ ಮೇಲೆ ನಾನು ಅದನ್ನೇ ನಡೆಸಿಕೊಂಡು ಬಂದೆ. ನನ್ನ ಬೆನ್ನ ಹಿಂದೆ ಜನ ನನ್ನನ್ನು ‘ಗಡಿಯಾರದ ಬಾಯಿ’ ಎನ್ನುತ್ತಿದ್ದರೆಂದು ನಂತರ ತಿಳಿಯಿತು. ನಮ್ಮ ಕಡೆ ನರ್ಸಮ್ಮನಿಗೆ ಗೌರವದಿಂದ ಬಾಯಿ, ಬಾಯಾರ ಎನ್ನುತ್ತಾರೆ. ನನಗೇನೂ ಬೇಸರವಾಗಲಿಲ್ಲ.

ನಮ್ಮಲ್ಲಿಗೆ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯಿಂದಲೂ ರೋಗಿಗಳು ಬರುತ್ತಿದ್ದರು. ಯಾವ ಊರು ಎಂದು ಕೇಳಿದರೆ ಕೆಲವು ಮುದುಕರು ಇನ್ನೂ ಊರಿನ ಜೊತೆಗೆ ಹಳೆಯ ಸಂಸ್ಥಾನದ ಹೆಸರನ್ನೂ ಸೇರಿಸಿ ಹೇಳುತ್ತಿದ್ದರು. ಸಂಸ್ಥಾನಗಳು ಹೋಗಿ ಎಂಟು ವರ್ಷವಾಗಿತ್ತು. ಗದಗ ಆಗ ಮುಂಬಯಿ ರಾಜ್ಯದಲ್ಲಿತ್ತು. ಬರುವ ನವೆಂಬರಿನಿಂದ ನಾವೆಲ್ಲ ಒಂದೇ ರಾಜ್ಯಕ್ಕೆ ಸೇರುತ್ತೇವೆ ಎಂಬ ಮಾತು ವಾರ್ಡುಗಳಲ್ಲೂ ನಡೆದಿತ್ತು.

ನಾನು ಹೇಳಹೊರಟಿರುವುದು ಆ ವರ್ಷದ ಅಕ್ಟೋಬರಿನ ಒಂದು ಪ್ರಕರಣವನ್ನು. ಅದಕ್ಕೆ ಮೊದಲು ಕಾಂಟ್ರಾಸ್ಟ್ ಎಂದರೆ ಏನೆಂದು ಎರಡು ಮಾತು ಹೇಳಬೇಕು. ಎಕ್ಸ್-ರೇ ಕಿರಣಕ್ಕೆ ಎಲುಬು ಅಡ್ಡ ಬರುತ್ತದೆ. ಆದ್ದರಿಂದ ಫಿಲ್ಮಿನಲ್ಲಿ ಎಲುಬು ಬೆಳ್ಳಗೆ ಕಾಣುತ್ತದೆ. ಜಠರ, ಕರುಳುಗಳು ಮೆತ್ತನೆಯ ಚೀಲಗಳು. ಕಿರಣ ಅವುಗಳನ್ನು ದಾಟಿಕೊಂಡು ಹೋಗುತ್ತದೆ, ಫಿಲ್ಮಿನಲ್ಲಿ ಅವುಗಳ ಆಕಾರ ಉಳಿಯುವುದಿಲ್ಲ. ಅವನ್ನು ನೋಡಬೇಕಾದರೆ ಕಿರಣವನ್ನು ತಡೆಯುವ ಪದಾರ್ಥವನ್ನು ಒಳಗೆ ತುಂಬಬೇಕು. ಅದೇ ಕಾಂಟ್ರಾಸ್ಟ್. ಜಠರಕ್ಕೆ ಬೇರಿಯಂ ಸಲ್ಫೇಟ್ ಎಂಬ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುತ್ತೇವೆ. ಅದು ನೀರಿನಲ್ಲಿ ಕರಗುವುದಿಲ್ಲ, ಮೈಗೆ ಹತ್ತುವುದಿಲ್ಲ, ಬಂದ ಹಾಗೆಯೇ ಹೊರಗೆ ಹೋಗುತ್ತದೆ. ಬೇರಿಯಂನ ಬೇರೆ ಕೆಲವು ಲವಣಗಳು ಮಾತ್ರ ಕಡು ವಿಷ. ಅದಕ್ಕಾಗಿ ಡಬ್ಬಿಯ ಮೇಲಿನ ಚೀಟಿಯನ್ನು ಕಪಾಟಿನಿಂದ ತೆಗೆಯುವಾಗ, ಪುಡಿ ಅಳೆಯುವಾಗ, ಡಬ್ಬಿಯನ್ನು ಮರಳಿ ಇಡುವಾಗ ಗಟ್ಟಿಯಾಗಿ ಓದುವುದು ನನ್ನ ರೂಢಿ. ಪುಡಿಯನ್ನು ಮೊದಲು ಗಟ್ಟಿಯಾಗಿ ಕಲಸಿ, ಗಂಟುಗಳನ್ನು ಒಡೆದು, ಆಮೇಲೆ ನೀರು ಕೂಡಿಸಿ, ತೆಳು ಬಟ್ಟೆಯಲ್ಲಿ ಸೋಸಿ ಎನಾಮೆಲ್ ಮಗ್ಗಿಗೆ ಹಾಕುತ್ತಿದ್ದೆ. ನೋಡಲು ಸುಣ್ಣದ ತಿಳಿಯಂತೆ, ಬಾಯಿಗೆ ಸೀಮೆಸುಣ್ಣದಂತೆ. ಅದನ್ನು ಮುಖ ಕಿವುಚದೆ ಕುಡಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಶಾಂತವ್ವನನ್ನು ಕರೆದುಕೊಂಡು ಬಂದವರು ಅವಳ ಅತ್ತೆ ನೀಲವ್ವ, ಮಾವ ಬಸಪ್ಪ, ಗಂಡ ಈರಣ್ಣ. ಬೆಟಗೇರಿಯ ನೇಕಾರರ ಮನೆ. ಶಾಂತವ್ವನ ತವರು ಶಿಗ್ಲಿ. ಮದುವೆಯಾಗಿ ಮೂರು ವರ್ಷ ಕಳೆದಿದ್ದವು, ಅವಳಿಗೆ ಇಪ್ಪತ್ತರ ಆಸುಪಾಸು. ಕೈಕಾಲು ಕಡ್ಡಿಯಂತಾಗಿದ್ದವು. ಕಣ್ಣಿನ ರೆಪ್ಪೆ ಇಳಿಸಿ ನೋಡಿದರೆ ಒಳಗೆ ಕೆಂಪೇ ಇರಲಿಲ್ಲ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಎನ್ನುತ್ತಿದ್ದಳು, ಆಮೇಲೆ ಅದನ್ನೂ ವಾಂತಿ ಮಾಡುತ್ತಿದ್ದಳು. ಎದೆಗೂಡಿನ ಕೆಳಗೆ ಮಾತ್ರ ಹೊಟ್ಟೆ ಉಬ್ಬಿತ್ತು.

ನೀಲವ್ವ ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಹೇಳಿದಳು. ಮುಟ್ಟು ನಿಂತಿತು, ವಾಂತಿ ಶುರುವಾಯಿತು, ಹೊಟ್ಟೆ ಕಾಣಿಸಿಕೊಂಡಿತು. ಮನೆಯವರು ಬಸಿರು ಎಂದು ತಿಳಿದರು. ಓಣಿಯ ಸೂಲಗಿತ್ತಿಯೂ ಹೌದೆಂದಳು. ಸೀಮಂತದ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಓಣಿಗೆಲ್ಲ ಊಟ ಹಾಕಿದರು. ಒಂಬತ್ತು ತಿಂಗಳು ಕಳೆದವು, ಹತ್ತೂ ಕಳೆದವು. ಕೂಸು ಬರಲಿಲ್ಲ.

“ಓಣ್ಯಾಗ ಒಬ್ಬಾಕಿ ಏನಂತಾಳ ಗೊತ್ತೇನ್ರಿ ಬಾಯಾರ? ‘ನೀಲವ್ವ, ನಿನ್ನ ಮೊಮ್ಮಗ ಮೀಸಿ ಬಂದ ಮ್ಯಾಲ ಹೊರಗ ಬರ್ತಾನೇನು’ ಅಂತ ಕೇಳ್ತಾಳ. ನಾನೂ ಬಿಡಲಿಲ್ಲ. ‘ಬಂದ ಕೂಡ್ಲೆ ನಿನ್ನ ಮಗಳನ್ನ ನೋಡಾಕ ಕಳಸ್ತೀನಿ’ ಅಂದೆ.”

“ಅತ್ತಿ, ಸುಮ್ನಿರ್ರಿ,” ಎಂದು ಶಾಂತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ದಿನ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಬಸಪ್ಪ ಬೇರೆ ರೀತಿಯ ಮನುಷ್ಯ. ಮಾತು ಕಡಿಮೆ. ಸೊಸೆಯನ್ನು ತವರಿಗೆ ಕಳಿಸುವುದೆಂದು ಅವನು ಮನಸ್ಸಿನಲ್ಲಿ ಆಗಲೇ ಮುಗಿಸಿಬಿಟ್ಟಿದ್ದ. ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತೂ ಮನೆಯಲ್ಲಿ ಬಂದಿತ್ತು. ನೀಲವ್ವ ಹಟ ಹಿಡಿದು ಆಸ್ಪತ್ರೆಗೆ ತಂದಿದ್ದಳು. ಈರಣ್ಣ ಇಬ್ಬರ ನಡುವೆ ಗೋಡೆಗೆ ಒರಗಿ ನಿಂತಿರುತ್ತಿದ್ದ.

ನಮ್ಮ ಡಾಕ್ಟರ್ ದೇಸಾಯಿಯವರು ಶಾಂತವ್ವನನ್ನು ಪರೀಕ್ಷಿಸಿದರು. ಬಸಿರಲ್ಲ ಎಂಬುದು ಕೂಡಲೇ ಖಚಿತವಾಯಿತು. ಗರ್ಭಕೋಶ ಚಿಕ್ಕದಾಗಿಯೇ ಇತ್ತು. ರಕ್ತ ತೀರ ಕಡಿಮೆಯಾಗಿದ್ದರಿಂದ ಮುಟ್ಟು ನಿಂತಿತ್ತು. ಆದರೆ ಜಠರ ಇರುವ ಜಾಗದಲ್ಲಿ ಕೈಗೆ ಗಟ್ಟಿಯಾದ, ನಯವಾದ ಗಡ್ಡೆ ಸಿಗುತ್ತಿತ್ತು. ಜಠರದಲ್ಲಿ ಗಂಟು ಬೆಳೆದಿರಬೇಕು, ಅದು ಎಷ್ಟು ಹಬ್ಬಿದೆ ಎಂದು ನೋಡದೆ ಮುಂದಿನ ಮಾತಿಲ್ಲ ಎಂದರು. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬರುವ ಸರ್ಜನ್ ಹಬ್ಬಿದ ಗಂಟನ್ನು ಮುಟ್ಟುತ್ತಿರಲಿಲ್ಲ. ಆ ದಿನಗಳಲ್ಲಿ ಅದನ್ನು ತೆರೆದು ನೋಡಿ ಮುಚ್ಚುವುದರಿಂದ ರೋಗಿಗೆ ನೋವು ಹೆಚ್ಚಾಗುತ್ತಿತ್ತೇ ಹೊರತು ಗುಣ ಇರಲಿಲ್ಲ. ಅಂದರೆ ಬೇರಿಯಂ ಏನು ತೋರಿಸುತ್ತದೋ ಅದರ ಮೇಲೆ ಶಾಂತವ್ವ ಆಪರೇಶನ್ ಟೇಬಲ್ಲಿಗೆ ಹೋಗುತ್ತಾಳೋ ಶಿಗ್ಲಿಗೆ ಹೋಗುತ್ತಾಳೋ ತೀರ್ಮಾನವಾಗಬೇಕಿತ್ತು.

ಬೇರಿಯಂ ಕೆಲಸವನ್ನು ನಾವು ಬೆಳಗಿನಲ್ಲೇ ಮಾಡುತ್ತಿದ್ದೆವು. ಒಂದು, ರೋಗಿಯ ಹೊಟ್ಟೆ ಖಾಲಿ ಇರುತ್ತದೆ. ಎರಡು, ಊರಿನ ಗಿರಣಿಗಳು ಶುರುವಾದ ಮೇಲೆ ವಿದ್ಯುತ್ತಿನ ಒತ್ತಡ ಕುಸಿದು ಯಂತ್ರ ಕೈಕೊಡುತ್ತಿತ್ತು. ಮರುದಿನ ಬೆಳಿಗ್ಗೆ ನಾನು ಮಗ್ಗು ಹಿಡಿದು ಬಂದಾಗ ಶಾಂತವ್ವ ಹಿಂದೆ ಸರಿದಳು.

“ಸುಣ್ಣ ಅಲ್ರೀ ಇದು?”

“ಸುಣ್ಣ ಅಲ್ಲವ್ವ. ಔಷಧನೂ ಅಲ್ಲ. ಹೊಟ್ಟಿ ಒಳಗ ಹೋಗಿ ದಾರಿ ತೋರಿಸ್ತೈತಿ, ಅಷ್ಟ.”

“ನಾ ಒಲ್ಲೆರಿ.”

ನೀಲವ್ವ ಸುಮ್ಮನಿರುವವಳಲ್ಲ. “ತರ್ರಿ ಇಲ್ಲಿ” ಎಂದು ಮಗ್ಗಿಗೆ ಕೈ ಹಾಕಿ, ನಾನು ತಡೆಯುವಷ್ಟರಲ್ಲಿ ಒಂದು ಗುಟುಕು ಕುಡಿದೇಬಿಟ್ಟಳು. ತುಟಿ ಚಪ್ಪರಿಸಿ, “ಏ, ಏನಿಲ್ಲ ತಗೋ. ನಮ್ಮ ನೂಲಿನ ಗಂಜಿ ಇದ್ದಂಗ ಐತಿ. ಉಪ್ಪಿಲ್ಲ ಅಷ್ಟ,” ಎಂದಳು.

ನೇಯುವ ಮೊದಲು ನೂಲಿಗೆ ಬಲ ಬರಲೆಂದು ಹಚ್ಚುವ ಹಿಟ್ಟಿನ ಗಂಜಿಯ ಮಾತು ಅದು. ನಾನು ನೀಲವ್ವನನ್ನು ಗದರಿಸಿ ಹೊರಗೆ ಕೂರಿಸಿ, ಕಡಿಮೆಯಾದಷ್ಟನ್ನು ಮತ್ತೆ ಕಲಸಿಕೊಂಡು ಬಂದೆ. ಶಾಂತವ್ವ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ನಾಲಿಗೆ ತುದಿಯಿಂದ ನೋಡಿದಳು. ಆಮೇಲೆ ಆಗಾಗ ತಡೆದು ಉಸಿರು ಎಳೆದುಕೊಳ್ಳುತ್ತ, ಆದರೆ ಒಂದು ಬಾರಿಯೂ ಮುಖ ಕಿವುಚದೆ ಕುಡಿದಳು. ಮಗ್ಗಿನ ಅಂಚಿಗೆ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿದಳು.

“ರುಚಿ ಐತೇನು?” ಎಂದೆ.

“ಹೌದ್ರಿ. ಗಂಜಿನ ಐತ್ರಿ,” ಎಂದಳು. ಮುಖದಲ್ಲಿ ಸಣ್ಣ ನಗೆಯೂ ಇತ್ತು.

ಅದು ನನಗೆ ವಿಚಿತ್ರವೆನಿಸಿತು. ಕೈಯಲ್ಲಿ ಕೆಲಸವಿದ್ದುದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಆಗಿನ ಸ್ಕ್ರೀನಿಂಗ್ ಎಂದರೆ ಕತ್ತಲೆ ಕೋಣೆಯಲ್ಲಿ ರೋಗಿಯನ್ನು ನಿಲ್ಲಿಸಿ, ಮಿನುಗುವ ಪರದೆಯ ಮೇಲೆ ಒಳಗಿನ ನೆರಳನ್ನು ನೋಡುವುದು. ಪರದೆ ತೀರ ಮಬ್ಬು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲೆಂದು ಡಾಕ್ಟರು ಮೊದಲೇ ಕೆಂಪು ಕನ್ನಡಕ ಹಾಕಿಕೊಂಡು ಕುಳಿತಿರುತ್ತಿದ್ದರು. ದೇಸಾಯಿಯವರು ಸೀಸದ ಕೈಗವಸು ತೊಟ್ಟು ಶಾಂತವ್ವನ ಹೊಟ್ಟೆಯನ್ನು ಒತ್ತುತ್ತ ನೋಡಿದರು.

ಪರದೆಯ ಮೇಲೆ ಕಪ್ಪು ಬಿಳುಪು ಅದಲುಬದಲು, ಫಿಲ್ಮಿನ ಲೆಕ್ಕದಲ್ಲೇ ಹೇಳುತ್ತೇನೆ. ಒಳ್ಳೆಯ ಜಠರದಲ್ಲಿ ಬೇರಿಯಂ ಚೀಲವನ್ನು ತುಂಬಿ ಒಂದೇ ಬಿಳುಪಾಗಿ ನಿಲ್ಲುತ್ತದೆ. ಒಳಗೆ ಏನಾದರೂ ಬೆಳೆದಿದ್ದರೆ ಅಷ್ಟು ಜಾಗದಲ್ಲಿ ಬೇರಿಯಂ ಸೇರದೆ ಕಪ್ಪು ಉಳಿಯುತ್ತದೆ. ಇದಕ್ಕೆ ಫಿಲಿಂಗ್ ಡಿಫೆಕ್ಟ್ ಎನ್ನುತ್ತಾರೆ. ಶಾಂತವ್ವನ ಜಠರದಲ್ಲಿ ಕಪ್ಪೇ ಹೆಚ್ಚು. ಬಿಳುಪು ಅಂಚಿನ ಸುತ್ತ ಸೀರೆಯ ದಡಿಯಂತೆ ಒಂದು ಗೆರೆಯಾಗಿ ಇಳಿದು ಹೋಗಿತ್ತು.

“ಜಠರ ಪೂರ್ತಿ ತುಂಬೇತಿ, ಸಿಸ್ಟರ್. ಬೇರಿಯಂಗೆ ಜಾಗಾನ ಇಲ್ಲ,” ಎಂದರು ದೇಸಾಯಿ. ದನಿ ಸಣ್ಣದಾಗಿತ್ತು. ಫಿಲ್ಮುಗಳನ್ನು ತೆಗೆದು ತೊಳೆದು ಬೆಳಕಿಗೆ ಹಿಡಿದಾಗಲೂ ಅದೇ ಕಂಡಿತು. ಇಷ್ಟು ದೊಡ್ಡ ಗಂಟಿಗೆ ಸರ್ಜನ್ ಒಪ್ಪುವುದಿಲ್ಲ ಎಂದು ಅವರು ಹೊರಗೆ ಹೋಗಿ ಬಸಪ್ಪನಿಗೆ ಹೇಳಿದರು. ಇದ್ದಷ್ಟು ದಿನ ತಿನ್ನಲು ಕೇಳಿದ್ದನ್ನು ಕೊಡಿ ಎಂದರು.

ಬಸಪ್ಪ ತಲೆಯಾಡಿಸಿದ. “ತವರಾಗ ಅವ್ವನ ಮಗ್ಗಲಾಗ ಇರ್ಲಿ ಬಿಡ್ರಿ. ಈರಣ್ಣಾ, ಟಾಂಗಾ ತರ್ಸು. ಶಿಗ್ಲಿ ಮಂದಿಗೆ ಖಬರ ಮುಟ್ಟಿಸೂಣು.”

ಈರಣ್ಣ ಕದಲಲಿಲ್ಲ. ನೀಲವ್ವ ಎದ್ದು ನಿಂತಳು.

“ಟಾಂಗಾ ತರ್ಸಿ ನೀವು ಹೋಗ್ರಿ. ನಾ ಬರಂಗಿಲ್ಲ. ಹಸಿರು ಬಳಿ ಇಡಿಸಿದಾಕಿ ನಾನು. ಅದ ಬಳಿ ಕೈಯಾಗ ಇಟಗೊಂಡು ಸಾಯಾಕ ಆಕೀನ್ನ ಅವ್ವನ ಮನಿಗೆ ಒಗದು ಬರ್ಲೇನು?”

“ಡಾಕ್ಟರ ಆಗಂಗಿಲ್ಲ ಅಂದ ಮ್ಯಾಲ ನೀ ಯಾವ ದೊಡ್ಡ ಡಾಕ್ಟರು?”

“ನಾ ಡಾಕ್ಟರಲ್ಲ, ಆಕೀಗೆ ಅತ್ತಿ. ಅಷ್ಟ ಸಾಕು.”

ನಾನು ನಡುವೆ ಬಂದು, ಕೆಲಸ ಇನ್ನೂ ಮುಗಿದಿಲ್ಲ ಎಂದೆ. ಬೇರಿಯಂ ಕುಡಿಸಿದ ಮೇಲೆ ಆರು ತಾಸಿಗೆ ಒಂದು ಫಿಲ್ಮ್, ಮರುದಿನ ಬೆಳಿಗ್ಗೆ ಒಂದು ಫಿಲ್ಮ್ ತೆಗೆಯುವುದು ನಮ್ಮ ಕ್ರಮ. ಜಠರದಿಂದ ಬೇರಿಯಂ ಎಷ್ಟು ಬೇಗ ಇಳಿಯಿತು, ಎಲ್ಲಿಯವರೆಗೆ ಹೋಯಿತು ಎಂದು ಅವು ಹೇಳುತ್ತವೆ. ಅಲ್ಲಿಯವರೆಗೆ ರೋಗಿಯನ್ನು ನಾನು ಬಿಡುವುದಿಲ್ಲ ಎಂದೆ. ಬಸಪ್ಪ ಡಾಕ್ಟರರ ಮುಖ ನೋಡಿದ.

“ನೋಡಬೇಕಾದ್ದನ್ನ ನೋಡಿ ಆತಲ್ಲ, ಸಿಸ್ಟರ್,” ಎಂದರು ದೇಸಾಯಿ. ಫಿಲ್ಮ್ ಮುಂಬಯಿಯಿಂದ ಬರಬೇಕಾಗಿದ್ದ ದಿನಗಳು, ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಂತರ ನಕ್ಕು, “ಇರ್ಲಿ. ನಿಮ್ಮ ಕ್ರಮ ಮುರಿದು ನಾ ಯಾಕ ಪಾಪ ಕಟಗೊಳ್ಳಲಿ. ತಗೀರಿ,” ಎಂದರು.

ಆರು ತಾಸಿನ ಫಿಲ್ಮಿನಲ್ಲಿ ಹೊಸದೇನೂ ತಿಳಿಯಲಿಲ್ಲ. ಬೇರಿಯಂ ಸ್ವಲ್ಪ ಕರುಳಿಗೆ ಇಳಿದಿತ್ತು, ಸ್ವಲ್ಪ ಮೇಲೆಯೇ ಇತ್ತು. ಅತ್ತೆ ಸೊಸೆ ಇಬ್ಬರೂ ವಾರ್ಡಿನಲ್ಲೇ ಉಳಿದರು. ಬಸಪ್ಪ ಮಗನನ್ನು ಕರೆದುಕೊಂಡು ಬೆಟಗೇರಿಗೆ ನಡೆದ.

ಮರುದಿನ ಬೆಳಗಿನ ಫಿಲ್ಮನ್ನು ನಾನು ತೊಳೆಯುವ ತೊಟ್ಟಿಯಿಂದ ಎತ್ತಿ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದಾಗಲೇ ಬೆಳಕಿಗೆ ಹಿಡಿದೆ. ಅಂಚಿನ ಬಿಳಿ ಗೆರೆ ಹೋಗಿತ್ತು. ಹರಿಯುವ ಬೇರಿಯಂ ಎಲ್ಲ ಕೆಳಗಿನ ದೊಡ್ಡ ಕರುಳಿಗೆ ಇಳಿದಿತ್ತು. ಆದರೆ ನಿನ್ನೆ ಕಪ್ಪಾಗಿ ಕಂಡ ಭಾಗ ಈಗ ಬೆಳ್ಳಗೆ ಹೊಳೆಯುತ್ತಿತ್ತು. ಒಂದೇ ಸಮ ಬಿಳುಪಲ್ಲ, ಸಾವಿರ ಸಣ್ಣ ಗೀರುಗಳು, ಬಲೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಒಟ್ಟು ಆಕಾರ ಜಠರದ್ದೇ.

ದೇಸಾಯಿಯವರನ್ನು ಕರೆಸಿದೆ. ಅವರು ಫಿಲ್ಮನ್ನು ತಿರುವಿ ಮುರುವಿ ನೋಡಿದರು.

“ಮಾಂಸದ ಗಂಟು ಬೇರಿಯಂ ಹೀರಂಗಿಲ್ಲ, ಸಿಸ್ಟರ್. ಇದು ಹೀರೇತಿ. ನಿನ್ನೆ ನಾನು ಅಂದದ್ದು ತಪ್ಪು.”

ಆ ಮಾತನ್ನು ಅವರು ತಡವರಿಸದೆ ಅಂದರು. ಅವರ ಮೇಲೆ ನನ್ನ ಗೌರವ ಹೆಚ್ಚಿದ್ದು ಆಗಲೇ. ಕೂದಲು ನುಂಗುವ ಹುಡುಗಿಯರ ಜಠರದಲ್ಲಿ ಇಂಥ ಉಂಡೆ ಕಟ್ಟುವುದನ್ನು ಅವರು ಪುಸ್ತಕದಲ್ಲಿ ಓದಿದ್ದರು, ಕಣ್ಣಾರೆ ಕಂಡಿರಲಿಲ್ಲ. ಅದಕ್ಕೆ ಬೆಝೋರ್ ಎಂದು ಹೆಸರು. ಅದು ಗಂಟಲ್ಲ, ಒಳಗೆ ಸೇರಿಕೊಂಡ ಕಸ. ಜಠರ ತೆರೆದು ಎತ್ತಿ ತೆಗೆದರೆ ಮುಗಿಯಿತು. ನಾವು ಹೋಗಿ ಶಾಂತವ್ವನ ತಲೆ ನೋಡಿದೆವು. ತೆಳ್ಳಗಾಗಿದ್ದರೂ ಜಡೆ ಜಡೆಯಾಗಿಯೇ ಇತ್ತು. ಎಲ್ಲಿಯೂ ಕಿತ್ತ ಗುರುತಿಲ್ಲ. ಕೂದಲು ತಿನ್ನುತ್ತೀಯಾ ಎಂದು ಕೇಳಿದರೆ ಅವಳು ಹೆದರಿ, “ಅಯ್ಯ, ಇಲ್ರೀ” ಎಂದಳು. ಕಸ ಯಾವುದೆಂದು ತಿಳಿಯದೆ, ಫಿಲ್ಮನ್ನಷ್ಟೇ ತೋರಿಸಿ ಸರ್ಜನ್ನರನ್ನು ಒಪ್ಪಿಸಬಹುದೇ ಎಂದು ದೇಸಾಯಿಯವರಿಗೆ ಅನುಮಾನವಿತ್ತು. ಆ ಪುಟ್ಟ ಜೀವ ಕ್ಲೋರೋಫಾರ್ಮನ್ನೂ ತಾಳಬೇಕಲ್ಲ.

ದಿನವೂ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಜಗಲಿಯನ್ನು ಒಂದು ಸುತ್ತು ನೋಡಿ ಬರುವುದು ನನ್ನ ಪದ್ಧತಿ. ಆ ದಿನ ಫಿಲ್ಮಿನ ಗಡಿಬಿಡಿಯಲ್ಲಿ ಅದು ತಡವಾಗಿತ್ತು. ಹೊರಗೆ ಬಂದರೆ ನೀಲವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಮನೆಯಿಂದ ನೂಲಿನ ಲಡಿ ತರಿಸಿಕೊಂಡಿದ್ದಳು. ಹರಿದ ಎಳೆಗಳನ್ನು ಕೂಡಿಸಿ ಗಂಟು ಹಾಕುವುದು, ಗಂಟಿನ ತುದಿಯನ್ನು ಹಲ್ಲಿನಿಂದ ಕತ್ತರಿಸುವುದು, ಮತ್ತೊಂದು ಎಳೆ ಹಿಡಿಯುವುದು. ಕೈ ನಡೆದೇ ಇತ್ತು. ಬಾಯಿ ತುಂಬ ಎಲೆ ಅಡಿಕೆ. ನನ್ನ ಕಣ್ಣೆದುರಿಗೇ ಕಟ್ಟೆಯ ಪಕ್ಕಕ್ಕೆ ಪಿಚಕ್ಕನೆ ಉಗುಳಿದಳು.

“ನೀಲವ್ವಾರ, ಇಲ್ಲಿ ಉಗುಳಬ್ಯಾಡ್ರಿ ಅಂತ ನಿನ್ನೆನ ಹೇಳಿದ್ದೆನಲ್ರಿ.”

“ತಪ್ಪಾತ್ರಿ ಬಾಯಾರ. ರೂಢಿ ನೋಡ್ರಿ.”

ನೀರು ಹಾಕಿಸಬೇಕೆಂದು ಬಗ್ಗಿ ನೋಡಿದೆ. ಕೆಂಪು ಉಗುಳಿನಲ್ಲಿ ಸಣ್ಣ ಸಣ್ಣ ನೂಲಿನ ತುಣುಕುಗಳಿದ್ದವು.

“ಇದೇನ್ರಿ, ನೂಲು?”

“ಹಲ್ಲಿಲೆ ಹರದ ತುದಿರೀ. ಮಗ್ಗದ ಮನ್ಯಾಗ ನೂಲು ನೆಲಕ್ಕ ಬೀಳಬಾರದ್ರಿ. ನೂಲು ತುಳದ್ರ ಲಕ್ಷ್ಮೀನ್ನ ತುಳದಂಗ. ನಮ್ಮತ್ತಿ ಹಂಗ ಕಲಿಸ್ಯಾರ. ಬಾಯಾಗ ದವಡಿಗೆ ಇಟಗೊಂಡು, ಎಲಿ ಉಗುಳುವಾಗ ಅದರ ಸಂಗಾಟ ಹೊರಗ ಹಾಕೂದು.”

“ಶಾಂತವ್ವನೂ ಇದ ಕೆಲಸ ಮಾಡ್ತಾಳೇನ್ರಿ?”

“ನಮ್ಮ ಮನ್ಯಾಗ ಗಂಟು ಹಾಕೂದೆಲ್ಲ ಆಕೀದ. ಕೈ ಭಾಳ ಚುರುಕ. ಬಂದ ದಿನದಿಂದ ನಾನ ಕಲಿಸೇನಿ.”

“ಆಕಿ ಎಲಿ ಅಡಿಕಿ ಹಾಕ್ತಾಳ?”

“ಛೀ, ಇಲ್ರೀ. ಹೊಸ ಹುಡುಗಿ.”

“ಮತ್ತ ಆಕಿ ಎಲ್ಲಿ ಉಗುಳ್ತಾಳ?”

ನೀಲವ್ವ ಹೇಳಲು ಬಾಯಿ ತೆರೆದಳು. ಕೈಯಲ್ಲಿದ್ದ ಲಡಿ ಮಡಿಲಿಗೆ ಜಾರಿತು.

ನಾನು ಅದನ್ನು ಎತ್ತಿಕೊಂಡೆ. ಒಳಗೆ ಹೋಗಿ ಶಾಂತವ್ವನ ಹಾಸಿಗೆಯ ಮೇಲೆ ಆ ಲಡಿ ಇಟ್ಟು, ಎರಡು ಎಳೆ ಕೂಡಿಸಿ ತೋರಿಸು ಎಂದೆ. ಅವಳಿಗೆ ಕೆಲಸ ಸಿಕ್ಕಿದ್ದೇ ಸಂತೋಷ. ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಗಳು ಹೇಗೆ ಸೇರಿದವೋ ಕಾಣಲಿಲ್ಲ, ಗಂಟು ಬಿದ್ದಿತ್ತು. ತುದಿಯನ್ನು ಬಾಯಿಗೆ ಒಯ್ದು ಕಟ್ಟೆಂದು ಕಡಿದಳು. ಇನ್ನೊಂದು. ಮತ್ತೊಂದು. ತುಟಿ ಮುಚ್ಚಿಯೇ ಇತ್ತು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

ಬಾಗಿಲಲ್ಲಿ ನಿಂತಿದ್ದ ನೀಲವ್ವ ಹತ್ತಿರ ಬಂದು ಅವಳ ಗಲ್ಲ ಹಿಡಿದು, “ಬಾಯಿ ತಗೀ,” ಎಂದಳು. ಶಾಂತವ್ವ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ.

“ಎಲ್ಲಿ ಹೋತಲೇ ತುದಿ?”

“ನುಂಗಿದೆನ್ರಿ ಅತ್ತಿ.”

“ಯಾಕ ನುಂಗಿದಿ? ಉಗುಳಬಾರದೇನು?”

ಶಾಂತವ್ವ ನನ್ನನ್ನೂ ಅತ್ತೆಯನ್ನೂ ನೋಡಿದಳು. “ಮಾವಾರು ಎದುರಿಗೆ ಮಗ್ಗದಾಗ ಕುಂತಿರ್ತಾರಲ್ರಿ. ಅವರ ಮುಂದ ಎದ್ದು ಹೋಗಿ ಹೆಂಗ ಉಗುಳ್ಲಿ? ನೆಲಕ್ಕ ಹಾಕಬ್ಯಾಡ ಅಂತ ನೀವ ಹೇಳಿದ್ರಿ.” ಸ್ವಲ್ಪ ತಡೆದು ಸೇರಿಸಿದಳು, “ಆಮ್ಯಾಲ ಗಂಜಿ ರುಚಿ ಹತ್ತಿತ್ರಿ. ಹಸಿವಾದ್ರ ಸುಮ್ನ ಒಂದೀಟು ಎಳಿ ಅಗೀತಿದ್ದೆ.”

ಮೈಯಲ್ಲಿ ರಕ್ತ ಕಡಿಮೆಯಾದವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಚಪಲ ಹುಟ್ಟುತ್ತದೆ. ಶಾಂತವ್ವನಿಗೆ ಅದು ಗಂಜಿ ಹಚ್ಚಿದ ನೂಲಿನ ಮೇಲೆ ಬಂದಿತ್ತು. ಬೇರಿಯಂ ನೀರಿನ ಮಗ್ಗನ್ನು ಅವಳು ಬೆರಳಿನಿಂದ ಬಳಿದು ನೆಕ್ಕಿದ್ದು ಏಕೆಂದು ನನಗೆ ಆಗ ಹೊಳೆಯಿತು.

ನೀಲವ್ವ ಅಳಲಿಲ್ಲ. ಹಾಸಿಗೆಯ ಅಂಚಿಗೆ ಕುಳಿತು, “ಮೂರು ವರ್ಷ ನನ್ನ ಮಗ್ಗಲಾಗ ಕುಂತು ನುಂಗ್ಯಾಳ್ರಿ. ನನ್ನ ಬಾಯಿ ಬಡಬಡಸೂದ್ರಾಗ ಆಕಿ ಬಾಯಿ ನಾ ನೋಡ್ಲೇ ಇಲ್ಲ,” ಎಂದಳು. ಆಮೇಲೆ ಸೊಸೆಯ ತಲೆಗೆ ಮೆಲ್ಲಗೆ ಮೊಟಕಿ, “ಹುಚ್ಚ್ ಮಂಗ್ಯಾ,” ಎಂದಳು.

ಆ ವಾರ ಸರ್ಜನ್ ಬಂದಾಗ ದೇಸಾಯಿಯವರು ಎರಡೂ ದಿನದ ಫಿಲ್ಮುಗಳನ್ನು ಪಕ್ಕ ಪಕ್ಕ ಇಟ್ಟು ವಿವರಿಸಿದರು. ಸರ್ಜನ್ ಒಪ್ಪಿದರು. ಬಸಪ್ಪನನ್ನು ಕರೆಸಲಾಯಿತು. ಫಿಲ್ಮ್ ನೋಡಿ ಅವನಿಗೆ ಏನೂ ತಿಳಿಯಲಿಲ್ಲ. “ನೂಲು ಹೊಟ್ಟ್ಯಾಗ ಉಂಡಿ ಆಗೇತಿ ಅಂದ್ರ ಯಾರು ನಂಬ್ತಾರ್ರಿ? ನಾಳೆ ಆಕಿ ಟೇಬಲ್ ಮ್ಯಾಲ ಹೋದ್ರ ಶಿಗ್ಲಿ ಮಂದಿಗೆ ಏನಂತ ಹೇಳ್ಲಿ?” ಎಂದು ಅಡ್ಡ ನಿಂತ. ಅವನ ಅಂಜಿಕೆಯೂ ಸುಳ್ಳಲ್ಲ. ಅಷ್ಟು ಸೊರಗಿದವಳಿಗೆ ಆಪರೇಶನ್ ಅಪಾಯವೇ ಎಂದು ಸರ್ಜನ್ ಮುಚ್ಚಿಡದೆ ಹೇಳಿದ್ದರು.

ಆಗ ಈರಣ್ಣ ಗೋಡೆ ಬಿಟ್ಟು ಮುಂದೆ ಬಂದ. “ಅಪ್ಪಾ, ರಕ್ತ ಕೊಡಾಕ ನಾ ಬರ್ತೀನಿ ಅಂತ ಡಾಕ್ಟರಿಗೆ ಹೇಳೇನಿ,” ಎಂದ. ಅಷ್ಟೇ. ಬಸಪ್ಪ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, “ಹಂಗಾದ್ರ ಆತು,” ಎಂದ.

ಗಂಡನ ರಕ್ತ ಹೊಂದಿಕೊಂಡಿತು. ಅದನ್ನು ಕೊಟ್ಟು, ಒಂದು ವಾರ ಬಲ ತುಂಬಿ, ಮುಂದಿನ ಸರದಿಗೆ ಆಪರೇಶನ್ ಇಟ್ಟುಕೊಂಡರು. ನಾನು ಎಕ್ಸ್-ರೇ ಕೋಣೆಗೆ ಬೀಗ ಹಾಕಿ ಥಿಯೇಟರಿನಲ್ಲಿ ಸಹಾಯಕ್ಕೆ ನಿಂತೆ. ಜಠರ ತೆರೆದಾಗ ಒಳಗಿದ್ದದ್ದು ಜಠರದ್ದೇ ಅಚ್ಚು. ಹೊರಮೈ ಕಪ್ಪಗೆ, ಜಿಗುಟಾಗಿತ್ತು. ಬಿರುಕುಗಳಲ್ಲಿ ನಮ್ಮ ಬೇರಿಯಂ ಇನ್ನೂ ಬೆಳ್ಳಗೆ ಕುಳಿತಿತ್ತು. ಸರ್ಜನ್ ಅದನ್ನು ಎರಡೂ ಕೈಯಿಂದ ಎತ್ತಿ ತಟ್ಟೆಗೆ ಇಟ್ಟರು. ಜಠರದ ಗೋಡೆಯಲ್ಲಿ ಒಂದು ಚಿಕ್ಕ ಹುಣ್ಣು ಬಿಟ್ಟರೆ ಬೇರೆ ಕೆಡಕು ಇರಲಿಲ್ಲ.

ಡಾಕ್ಟರರು ಆ ಉಂಡೆಯನ್ನು ಕೊಯ್ದು ತೊಳೆದಾಗ ಒಳಗೆ ಕೆಂಪು, ಹಸಿರು, ಹಳದಿ ಎಳೆಗಳು ಕಂಡವು. ಬಸಪ್ಪ ನಂಬಲೆಂದು ಅವನನ್ನು ಕರೆದು ತೋರಿಸಿದೆವು. ನೀಲವ್ವನೂ ಬಂದಳು. ಅವಳು ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದಳು. “ಈ ಕೆಂಪು ಹ್ವಾದ ದೀಪಾವಳಿಗೆ ನೇದ ಸೀರಿದು ನೋಡ್ರಿ,” ಎಂದು ಗಂಡನ ಕಡೆ ತಿರುಗಿದಳು. ಬಸಪ್ಪ ಎಳೆ ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡ.

ಶಾಂತವ್ವ ನಿಧಾನವಾಗಿ ಚೇತರಿಸಿಕೊಂಡಳು. ಮೊದಲು ನೀರು, ಆಮೇಲೆ ಹಾಲು, ಆಮೇಲೆ ಅಕ್ಕಿಯ ತಿಳಿಗಂಜಿ. ಗಂಜಿ ಕೊಟ್ಟ ದಿನ ವಾರ್ಡಿನವರೆಲ್ಲ ನಕ್ಕರು. ಅವಳೂ ಹೊಲಿಗೆ ಹಿಡಿದುಕೊಂಡು ನಕ್ಕಳು. ಅವಳನ್ನು ಮನೆಗೆ ಕಳಿಸಿದ್ದು ನವೆಂಬರಿನ ಮೊದಲ ವಾರದಲ್ಲಿ. ಹೊರಗೆ ಬಣ್ಣದವನು ಏಣಿ ಹತ್ತಿ ಆಸ್ಪತ್ರೆಯ ಬೋರ್ಡಿನಲ್ಲಿ ಮುಂಬಯಿ ರಾಜ್ಯ ಎಂಬುದನ್ನು ಅಳಿಸಿ ಮೈಸೂರು ರಾಜ್ಯ ಎಂದು ಬರೆಯುತ್ತಿದ್ದ. ಬಸಪ್ಪ ಅದನ್ನು ನಿಂತು ನೋಡಿ, ನಾನು ಅವನಿಂದ ಕೇಳಿದ ಒಂದೇ ಒಂದು ನಗೆಮಾತನ್ನು ಆಡಿದ. “ಮುಂಬೈ ರಾಜ್ಯದಾಗ ಮಲಗಿಸಿದ ಸೊಸಿನ್ನ ಮೈಸೂರು ರಾಜ್ಯದಾಗ ಎಬ್ಬಿಸಿ ಕೊಟ್ರಿ, ಬಾಯಾರ.”

ಮುಂದೊಂದು ದಿನ ಬೆಟಗೇರಿಯಲ್ಲಿ ಅವರ ಮನೆಗೆ ಹೋಗಿದ್ದೆ. ಶಾಂತವ್ವ ಕೂರುವ ಜಾಗದಲ್ಲಿ ಗೋಡೆಗೆ ಮೊಳೆ ಹೊಡೆದು ಒಂದು ಬಟ್ಟೆ ಚೀಲ ತೂಗುಹಾಕಿದ್ದರು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಸಣ್ಣ ಕತ್ತರಿ. ತುದಿ ಕತ್ತರಿಸಿ ಚೀಲಕ್ಕೆ ಹಾಕುವುದು. ನೂಲು ನೆಲಕ್ಕೂ ಬೀಳುವುದಿಲ್ಲ, ಬಾಯಿಗೂ ಹೋಗುವುದಿಲ್ಲ. ಮೊಳೆ ಹೊಡೆದವನು ಬಸಪ್ಪ ಎಂದು ನೀಲವ್ವ ಪಿಸುಮಾತಿನಲ್ಲಿ ಹೇಳಿದಳು. ಪಿಸುಮಾತು ಅವಳಿಗೆ ಬರುತ್ತಿತ್ತೆಂದು ನನಗೆ ಗೊತ್ತಾದದ್ದೂ ಆಗಲೇ.

ಆ ಪ್ರಕರಣದ ಮೇಲೆ ನನ್ನ ಕೆಲಸದ ಕ್ರಮಕ್ಕೆ ಒಂದು ಮೆಟ್ಟಿಲು ಕೂಡಿತು. ಬೇರಿಯಂ ಕುಡಿಸುವ ಮೊದಲು, ಹೊಟ್ಟೆಗೆ ಏನು ತಿನ್ನುತ್ತೀರಿ ಎಂಬುದರ ಜೊತೆಗೆ, ದಿನವಿಡೀ ಕೈಯಲ್ಲಿ ಏನು ಕೆಲಸ, ಆ ಹೊತ್ತಿಗೆ ಬಾಯಲ್ಲಿ ಏನು ಎಂದು ಕೇಳತೊಡಗಿದೆ. ಬಾಯಲ್ಲಿ ಮೊಳೆ ಇಟ್ಟುಕೊಳ್ಳುವ ಬಡಿಗರು, ಗುಂಡುಪಿನ್ನು ಕಚ್ಚಿಕೊಳ್ಳುವ ಸಿಂಪಿಗರು ಆಮೇಲೆ ಬಂದರು. ಕಾಂಟ್ರಾಸ್ಟ್ ಒಳಗಿನ ಆಕಾರವನ್ನು ತೋರಿಸುತ್ತದೆ, ಆ ಆಕಾರ ಹೇಗೆ ಬಂತೆಂದು ರೋಗಿಯ ಮನೆಗೆಲಸ ಹೇಳುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಫಿಲ್ಮ್ ತೊಳೆದಂತೆ. ಇಷ್ಟು ನನ್ನ ನೌಕರಿ ನನಗೆ ಕಲಿಸಿತು.

ಎರಡು ವರ್ಷದ ಮೇಲೆ ನೀಲವ್ವ ಮತ್ತೆ ಸೊಸೆಯ ಕೈ ಹಿಡಿದು ಎಕ್ಸ್-ರೇ ಕೋಣೆಯ ಬಾಗಿಲಿಗೆ ಬಂದಳು. ಶಾಂತವ್ವನ ಮೈ ತುಂಬಿತ್ತು. ಹೊಟ್ಟೆಯೂ ಮುಂದೆ ಬಂದಿತ್ತು, ಈ ಸಲ ಇರಬೇಕಾದ ಜಾಗದಲ್ಲಿ.

“ಬಾಯಾರ, ಕುಬಸ ಮಾಡಬೇಕಂತೀವ್ರಿ. ಹ್ವಾದ ಸಲದಂಗ ಆಗಬಾರದು. ಬಿಳೇ ನೀರು ಕುಡಿಸಿ ಖರೇನ ಕೂಸು ಐತೇನು ನೋಡ್ರಿ.”

“ಬಸುರಿ ಹೆಂಗಸಿಗೆ ಆ ಕಿರಣ ತೋರಿಸಬಾರದ್ರಿ. ಬಿಳೇ ನೀರೂ ಬ್ಯಾಡ,” ಎಂದೆ.

ಹೆರಿಗೆ ಕೋಣೆಗೆ ಕರೆದೊಯ್ದು ಶಾಂತವ್ವನನ್ನು ಮಲಗಿಸಿದೆ. ಕೂಸಿನ ಎದೆಬಡಿತ ಕೇಳುವ ಕಟ್ಟಿಗೆಯ ಕೊಳವೆಯನ್ನು ಅವಳ ಹೊಟ್ಟೆಯ ಮೇಲಿಟ್ಟು ಮೊದಲು ನಾನು ಕೇಳಿದೆ. ಆಮೇಲೆ ನೀಲವ್ವನನ್ನು ಬಗ್ಗಿಸಿ ಅವಳ ಕಿವಿಯನ್ನು ಅದಕ್ಕೆ ಹಚ್ಚಿದೆ. ಅವಳು ಏನೋ ಹೇಳಲು ಹೊರಟಿದ್ದಳು. ಅಷ್ಟರಲ್ಲಿ ಕಿವಿಗೆ 'ಟಕ್ ಟಕ್' ಎಂದು ಬಿದ್ದಿರಬೇಕು. ಸಾಮಾನ್ಯವಾಗಿ ಒಂದು ಕ್ಷಣವೂ ಸುಮ್ಮನಿರದ ನೀಲವ್ವ ಬಾಯಿ ಮುಚ್ಚಿ, ಸೊಸೆಯ ಹೊಟ್ಟೆಯ ಮೇಲೆ ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ನನಗೆ ಮುಂದಿನ ರೋಗಿ ಕಾಯುತ್ತಿದ್ದರು. ಆ ದಿನ ಮಾತ್ರ ಅವರನ್ನು ಸ್ವಲ್ಪ ಕಾಯಲು ಬಿಟ್ಟೆ.